ಸ್ಲೀವ್ ಶಸ್ತ್ರಚಿಕಿತ್ಸೆಯ ನಂತರ ಮಾಂಸ ಇಳಿಯದಿದ್ದರೆ ಪ್ರೋಟೀನ್‌ಗೆ ಏನು ತಿನ್ನಬೇಕು?

ಪ್ರಶ್ನೆ: ನನಗೆ 44 ವರ್ಷ, ಎತ್ತರ 160 ಸೆಂಟಿಮೀಟರ್. ಕೊಡಗಿನ ಗೋಣಿಕೊಪ್ಪದ ಹತ್ತಿರ ಕಾಫಿ ತೋಟದಲ್ಲಿ ನಮ್ಮ ಮನೆ. ಹತ್ತು ವಾರಗಳ ಹಿಂದೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ತೂಕ ಇಳಿಸುವ ಸ್ಲೀವ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. 112 ಕಿಲೋ ಇದ್ದವಳು ಈಗ 95ಕ್ಕೆ ಬಂದಿದ್ದೇನೆ. ದಿನಕ್ಕೆ 60 ಗ್ರಾಂ ಪ್ರೋಟೀನ್ ಹೋಗಲೇಬೇಕು ಎಂದು ಹೇಳಿ ಕಳುಹಿಸಿದ್ದಾರೆ. ಆದರೆ ಒಂದು ತಿಂಗಳ ಹಿಂದೆ ಕೋಳಿಕರಿಯ ತುಂಡೊಂದು ಎದೆಯಲ್ಲೇ ಸಿಕ್ಕಿಕೊಂಡಂತಾಗಿ, ಬಾಯಿ ತುಂಬ ನೊರೆ ಬಂದು, ಕೊನೆಗೆ ವಾಂತಿಯಾಯಿತು. ಅಂದಿನಿಂದ ಮಾಂಸ ಮುಟ್ಟಲು ಭಯ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಮೆತ್ತಗಿನ ಅನ್ನಕ್ಕೆ ಬೇಳೆಕಟ್ಟು, ಸಂಜೆ ಬಾಳೆಹಣ್ಣು ಅಥವಾ ಎಳನೀರು, ರಾತ್ರಿ ಎರಡು ನೂಪುಟ್ಟನ್ನು (ಅಕ್ಕಿಯ ಒತ್ತುಶಾವಿಗೆ) ಕೋಳಿಕರಿಯ ರಸದಲ್ಲಿ ನೆನೆಸಿ ತಿನ್ನುತ್ತೇನೆ. ನಡುವೆ ಎರಡು ಲೋಟ ಹಾಲಿನ ಕಾಫಿ. ಇವೆಲ್ಲ ಸಲೀಸಾಗಿ ಇಳಿಯುತ್ತವೆ. ವೆನಿಲಾ ಪ್ರೋಟೀನ್ ಪುಡಿಯ ವಾಸನೆಗೇ ಓಕರಿಕೆ ಬರುತ್ತದೆ. ಪುಡಿಯಿಂದ ಕಿಡ್ನಿ ಹಾಳಾಗುತ್ತದೆ, ಮೊಟ್ಟೆ ಉಷ್ಣ, ಹೊಟ್ಟೆ ಕೊಯ್ಸಿಕೊಂಡವರಿಗೆ ಗಂಜಿ ಮತ್ತು ಕಾಲುಸೂಪೇ ಸರಿ ಎಂದು ಅತ್ತೆಯವರು ಹೇಳುತ್ತಾರೆ. ಒಂದು ವಾರದಿಂದ ಕೂದಲು ಕೈಗೆ ಬರುತ್ತಿದೆ. ನಮ್ಮ ಸುಗ್ಗಿಹಬ್ಬ ಪುತ್ತರಿಗೆ ಮನೆಯವರೆಲ್ಲ ಸೇರುತ್ತಾರೆ. ಅಂದು ಪಂದಿಕರಿ (ಹಂದಿಮಾಂಸದ ಕರಿ) ತಿನ್ನಬಹುದೇ? ನನಗೆ ಸುಲಭವಾಗಿ ಇಳಿಯುವ ಪ್ರೋಟೀನ್ ಆಹಾರ ಯಾವುದು?

ಉತ್ತರ: ಮಾಂಸ ಸಿಕ್ಕಿಕೊಂಡದ್ದು ನಿಮ್ಮನ್ನು ಹೆದರಿಸಿದೆ, ಅದು ಸಹಜ. ಆದರೆ ನಿಮ್ಮ ಪತ್ರ ಓದಿದಾಗ ನನಗೆ ಹೆಚ್ಚು ಕಳವಳ ತಂದದ್ದು ಆ ಒಂದು ದಿನದ ವಾಂತಿಯಲ್ಲ, ಅದರ ನಂತರದ ಒಂದು ತಿಂಗಳ ಊಟ. ನೀವು ಬರೆದಿರುವ ದಿನದ ಆಹಾರವನ್ನು ಲೆಕ್ಕ ಹಾಕಿದರೆ ಎರಡು ಲೋಟ ಕಾಫಿಯ ಹಾಲಿನಿಂದ ಸುಮಾರು 6 ಗ್ರಾಂ, ಗಂಜಿಯಿಂದ 2 ಗ್ರಾಂ, ಅನ್ನ ಮತ್ತು ಬೇಳೆಕಟ್ಟಿನಿಂದ 3–4 ಗ್ರಾಂ, ಬಾಳೆಹಣ್ಣಿನಿಂದ 1 ಗ್ರಾಂ, ನೂಪುಟ್ಟು ಮತ್ತು ಕರಿಯ ರಸದಿಂದ 4 ಗ್ರಾಂ ಪ್ರೋಟೀನ್ ಸಿಗುತ್ತದೆ. ಎಷ್ಟು ಧಾರಾಳವಾಗಿ ಕೂಡಿದರೂ 20 ಗ್ರಾಂ ದಾಟುವುದಿಲ್ಲ. ನಿಮ್ಮ ಎತ್ತರಕ್ಕೆ ದಿನಕ್ಕೆ 60ರಿಂದ 70 ಗ್ರಾಂ ಬೇಕು. ಕೊರತೆಯನ್ನು ದೇಹ ತನ್ನ ಸ್ನಾಯುಗಳನ್ನು ಕರಗಿಸಿ ತುಂಬಿಕೊಳ್ಳುತ್ತದೆ. ತಕ್ಕಡಿಯ ಮೇಲೆ ತೂಕ ಇಳಿದದ್ದು ಕಾಣುತ್ತದೆಯೇ ಹೊರತು ಇಳಿದದ್ದರಲ್ಲಿ ಕೊಬ್ಬು ಎಷ್ಟು, ಸ್ನಾಯು ಎಷ್ಟು ಎಂಬುದು ಕಾಣುವುದಿಲ್ಲ.

ತುಂಡು ಏಕೆ ಸಿಕ್ಕಿಕೊಂಡಿತು ಎಂಬುದನ್ನು ಮೊದಲು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ತೆಗೆದು, ಬಾಳೆಹಣ್ಣಿನ ಆಕಾರದ ಒಂದು ಕೊಳವೆಯನ್ನು ಮಾತ್ರ ಉಳಿಸುತ್ತಾರೆ. ಮೊದಲ ತಿಂಗಳುಗಳಲ್ಲಿ ಅದರಲ್ಲಿ ಹಿಡಿಯುವುದು 100ರಿಂದ 150 ಮಿಲಿಲೀಟರ್, ಅಂದರೆ ಒಂದು ಸಣ್ಣ ಕಾಫಿ ಲೋಟದಷ್ಟು. ತೆಗೆದುಹಾಕುವ ಭಾಗ ತಿಂದದ್ದನ್ನು ಹಿಗ್ಗಿ ಹಿಡಿದಿಟ್ಟುಕೊಳ್ಳುವ ಭಾಗ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಬಹುಪಾಲು ತಯಾರಾಗುವುದೂ ಅಲ್ಲಿಯೇ. ಹಾಗಾಗಿ ನಿಮಗೀಗ ಹಸಿವಾಗುವುದು ಕಡಿಮೆ, ತಿಂದದ್ದು ಹಿಗ್ಗದ ಕೊಳವೆಯಲ್ಲಿ ಮೆಲ್ಲಗೆ ಇಳಿಯಬೇಕು. ನೀರಿನಂಶ ಆರಿದ, ನಾರುನಾರಾದ ಕೋಳಿಯ ಎದೆಮಾಂಸದ ತುಂಡು ಸರಿಯಾಗಿ ಅಗಿಯದೆ ಹೋದರೆ ಅಲ್ಲಿ ನಿಲ್ಲುತ್ತದೆ, ಅದನ್ನು ಜಾರಿಸಲು ದೇಹ ಎಂಜಲನ್ನು ಸುರಿಸುತ್ತದೆ, ನೊರೆ ಬರುತ್ತದೆ, ಕೊನೆಗೆ ವಾಂತಿಯಾಗುತ್ತದೆ. ಈ ಶಸ್ತ್ರಚಿಕಿತ್ಸೆಯಾದ ಬಹಳ ಜನ ಒಮ್ಮೆಯಾದರೂ ಇದನ್ನು ಅನುಭವಿಸಿರುತ್ತಾರೆ. ಹೊಲಿಗೆ ಬಿಚ್ಚಿಕೊಂಡಿತು ಎಂದಾಗಲಿ, ಇನ್ನು ಮುಂದೆ ಮಾಂಸ ಆಗದು ಎಂದಾಗಲಿ ಅದರ ಅರ್ಥವಲ್ಲ.

ಆದರೂ ಒಂದು ವಿಷಯವನ್ನು ಪರೀಕ್ಷಿಸಿಕೊಳ್ಳುವುದು ಅಗತ್ಯ. ಕೆಲವರಲ್ಲಿ ಈ ಕೊಳವೆ ಮಧ್ಯದಲ್ಲಿ ಕಿರಿದಾಗುತ್ತದೆ. ವೈದ್ಯರು ಇದನ್ನು ಸ್ಟ್ರಿಕ್ಚರ್ ಎನ್ನುತ್ತಾರೆ. ಮೆತ್ತಗಿನ ಆಹಾರವನ್ನು ನಿಧಾನವಾಗಿ ತಿಂದರೂ ಪ್ರತಿಸಲ ನಿಲ್ಲುತ್ತಿದ್ದರೆ, ಮೊದಲು ಇಳಿಯುತ್ತಿದ್ದುದು ಈಗ ಇಳಿಯದಿದ್ದರೆ, ಗಂಜಿಯೂ ವಾಪಸು ಬರುತ್ತಿದ್ದರೆ ಅದು ಅಡುಗೆಯಿಂದ ಸರಿಹೋಗುವ ತೊಂದರೆಯಲ್ಲ. ಎಂಡೋಸ್ಕೋಪಿ ಮಾಡಿ ನೋಡಿ, ಕಿರಿದಾದ ಜಾಗವನ್ನು ಬಲೂನಿನಿಂದ ಹಿಗ್ಗಿಸಬೇಕಾಗುತ್ತದೆ. ನಿಮಗೆ ಉಳಿದದ್ದೆಲ್ಲ ಸಲೀಸಾಗಿ ಇಳಿಯುತ್ತಿರುವುದರಿಂದ ಈ ಸಾಧ್ಯತೆ ಕಡಿಮೆ. ಆದರೆ ನೀವು ಈ ಒಂದು ತಿಂಗಳಲ್ಲಿ ಗಟ್ಟಿ ಆಹಾರವನ್ನು ಪ್ರಯತ್ನಿಸಿಯೇ ಇಲ್ಲ, ಆದ್ದರಿಂದ ಮುಂದೆ ಹೇಳುವ ಕ್ರಮದಲ್ಲಿ ಎರಡು ವಾರ ತಿಂದು ನೋಡಿ. ಆಗಲೂ ನಿಲ್ಲುತ್ತಿದ್ದರೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ಕಾಣಿರಿ.

ಅತ್ತೆಯವರ ಮಾತುಗಳಿಗೆ ಬರೋಣ. ಬಾಣಂತಿಗೂ ಜ್ವರದವರಿಗೂ ಗಂಜಿ ಕಾಸಿ ಕೊಟ್ಟು ನೋಡಿಕೊಂಡ ತಲೆಮಾರಿನವರು ಅವರು, ಕಾಳಜಿಯಿಂದಲೇ ಹೇಳುತ್ತಿದ್ದಾರೆ. ಮೊದಲ ಎರಡು ವಾರಗಳಲ್ಲಿ ದ್ರವ ಆಹಾರವೇ ಸರಿಯಾಗಿತ್ತು. ಈಗ ಹತ್ತು ವಾರ ಕಳೆದಿದೆ. ಹೊಲಿಗೆ ಮಾಗಿದೆ, ಸಾಮಾನ್ಯವಾಗಿ ಎಂಟನೆಯ ವಾರದ ಹೊತ್ತಿಗೆ ಮಾಮೂಲಿ ಆಹಾರದತ್ತ ಹೊರಳಬೇಕು. ಗಂಜಿ, ನೂಪುಟ್ಟು, ಮೆತ್ತಗಿನ ಅನ್ನ ಇವು ಕೊಳವೆಯಲ್ಲಿ ಜಾರಿ ಹೋಗುವ ಆಹಾರಗಳು. ಸುಲಭವಾಗಿ ಇಳಿಯುವುದೇ ಅವುಗಳ ತೊಡಕು: ಇರುವ ಸಣ್ಣ ಜಾಗವನ್ನು ಅವೇ ತುಂಬುತ್ತವೆ, ಬೇಗ ಖಾಲಿಯಾಗುತ್ತವೆ, ಪ್ರೋಟೀನ್ ಕೊಡುವುದಿಲ್ಲ. ಕಾಲುಸೂಪಿನ ವಿಷಯವೂ ಹೆಚ್ಚುಕಡಿಮೆ ಹೀಗೆಯೇ. ಮೂಳೆ ಕುದಿದು ಬರುವುದು ಮುಖ್ಯವಾಗಿ ಜೆಲಾಟಿನ್. ದೇಹಕ್ಕೆ ಬೇಕಾದ ಟ್ರಿಪ್ಟೋಫಾನ್ ಎಂಬ ಅಮೈನೋ ಆಮ್ಲ ಅದರಲ್ಲಿ ಇಲ್ಲ, ಪ್ರಮಾಣವೂ ಕಡಿಮೆ. ಅಂಗಡಿಯಲ್ಲಿ ಚರ್ಮ ಮತ್ತು ಕೂದಲಿಗೆಂದು ಮಾರುವ ದುಬಾರಿ ಕೊಲಾಜೆನ್ ಪುಡಿಗೂ ಇದೇ ಮಿತಿ. ಮಳೆಗಾಲದ ಚಳಿಗೆ ಕಾಲುಸೂಪು ಕುಡಿಯಲು ಅಡ್ಡಿಯಿಲ್ಲ, ಆದರೆ ಅದನ್ನು ಪ್ರೋಟೀನ್ ಲೆಕ್ಕಕ್ಕೆ ಸೇರಿಸಬೇಡಿ. ಅನ್ನದ ಮೇಲೆ ಹಾಕಿಕೊಳ್ಳುವ ಬೇಳೆಕಟ್ಟೂ ಹುರುಳಿಕಟ್ಟೂ ಹಾಗೆಯೇ. ಪ್ರೋಟೀನ್ ಇರುವುದು ತಳದಲ್ಲಿ ಉಳಿಯುವ ಬೇಳೆ ಮತ್ತು ಕಾಳಿನಲ್ಲಿ, ಮೇಲಿನ ತಿಳಿಯಲ್ಲಲ್ಲ.

ಮೊಟ್ಟೆ ಉಷ್ಣ ಎಂಬ ನಂಬಿಕೆಗೆ ಆಹಾರ ವಿಜ್ಞಾನದಲ್ಲಿ ಆಧಾರವಿಲ್ಲ. ನಿಮ್ಮ ಸ್ಥಿತಿಯಲ್ಲಿರುವವರಿಗೆ ನಾನು ಎಲ್ಲಕ್ಕಿಂತ ಮೊದಲು ಹೇಳುವುದು ಮೊಟ್ಟೆಯನ್ನೇ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ, ಅದು ಪೂರ್ತಿ ಗುಣಮಟ್ಟದ್ದು, ಯಾವ ಊರಿನ ಯಾವ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಗಟ್ಟಿಯಾಗಿ ಬೇಯಿಸಿದ ಹಳದಿ ಮತ್ತು ಒಣಗಿದ ಆಮ್ಲೆಟ್ ನಿಮ್ಮ ಕೋಳಿ ತುಂಡಿನ ಹಾಗೆಯೇ ನಿಲ್ಲಬಹುದು. ಹೀಗೆ ಮಾಡಿ: ಒಂದು ಮೊಟ್ಟೆ ಒಡೆದು, ಅದಕ್ಕೆ ನಾಲ್ಕು ದೊಡ್ಡ ಚಮಚ ಹಾಲು, ಚಿಟಿಕೆ ಉಪ್ಪು, ಬೇಕಿದ್ದರೆ ಸ್ವಲ್ಪ ಕರಿಮೆಣಸಿನ ಪುಡಿ ಹಾಕಿ ನೊರೆ ಬರದಂತೆ ಕಲಸಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿ ಸಣ್ಣ ಸ್ಟೀಲ್ ಬಟ್ಟಲಿಗೆ ಸುರಿಯಿರಿ. ಬಟ್ಟಲಿಗೆ ತಟ್ಟೆ ಮುಚ್ಚಿ, ಕಡಂಬುಟ್ಟು (ಅಕ್ಕಿತರಿಯ ಉಂಡೆ) ಬೇಯಿಸುವ ಪಾತ್ರೆಯಲ್ಲಿಯೇ ಸಣ್ಣ ಉರಿಯಲ್ಲಿ ಹತ್ತರಿಂದ ಹನ್ನೆರಡು ನಿಮಿಷ ಹಬೆಯಲ್ಲಿಡಿ. ಬಟ್ಟಲನ್ನು ಅಲುಗಿಸಿದರೆ ನಡುಭಾಗ ಮೆತ್ತಗೆ ತೂಗಬೇಕು, ನೀರಾಗಿ ಹರಿಯಬಾರದು. ಉರಿ ಜೋರಾದರೆ ತೂತುತೂತಾಗಿ ನೀರು ಬಿಟ್ಟು ರಬ್ಬರಿನಂತಾಗುತ್ತದೆ, ಆಗ ಬಾಯಿಗೂ ರುಚಿಸದು, ಹೊಟ್ಟೆಗೂ ಇಳಿಯದು. ಈ ಒಂದು ಬಟ್ಟಲಿನಲ್ಲಿ 8 ಗ್ರಾಂ ಸಿಗುತ್ತದೆ, ಅಂದರೆ ನಿಮ್ಮ ಇಡೀ ಬೆಳಗಿನ ಗಂಜಿಯ ನಾಲ್ಕು ಪಟ್ಟು. ಹಸಿ ಮೊಟ್ಟೆಯನ್ನು ಹಾಲಿಗೆ ಒಡೆದು ಕುಡಿಯುವ ಅಭ್ಯಾಸ ಮನೆಯಲ್ಲಿದ್ದರೆ ಅದು ಬೇಡ. ಬೇಯಿಸದ ಮೊಟ್ಟೆಯ ಪ್ರೋಟೀನ್ ಸುಮಾರು ಅರ್ಧದಷ್ಟೇ ಜೀರ್ಣವಾಗುತ್ತದೆ, ಸಾಲ್ಮೊನೆಲ್ಲಾ ಸೋಂಕಿನ ಅಪಾಯ ಬೇರೆ.

ಮೊಟ್ಟೆಯ ನಂತರ ಮೀನು. ಮೀನಿನ ಮಾಂಸದ ನಾರು ಗಿಡ್ಡ, ಬೆಂದ ಕೂಡಲೇ ಪದರಪದರವಾಗಿ ಬಿಡಿಸಿಕೊಳ್ಳುತ್ತದೆ, ಆದ್ದರಿಂದ ಕೋಳಿ ಸಿಕ್ಕಿಕೊಳ್ಳುವವರಿಗೂ ಅದು ಸಾಮಾನ್ಯವಾಗಿ ಇಳಿಯುತ್ತದೆ. ಕರಾವಳಿಯಿಂದ ಘಟ್ಟ ಹತ್ತಿ ಬರುವ ಮತ್ತಿ, ಬಂಗುಡೆ ಎರಡೂ ಆಗುತ್ತವೆ. ಸಾರಿನಲ್ಲಿ ಬೇಯಿಸಿ, ಮುಳ್ಳು ಪೂರ್ತಿ ತೆಗೆದು, ಬೆರಳಿನಿಂದ ಹಿಸುಕಿ, ಅದೇ ಸಾರಿನಲ್ಲಿ ತೇವ ಮಾಡಿ ತಿನ್ನಿ. 50 ಗ್ರಾಂ ಬೆಂದ ಮೀನಿನಲ್ಲಿ ಸುಮಾರು 10 ಗ್ರಾಂ ಪ್ರೋಟೀನ್ ಇದೆ. ಮಸಾಲೆ ಹಚ್ಚಿ ಹುರಿದದ್ದು ಹೊರಗೆ ಒಣಗಿ ಗಟ್ಟಿಯಾಗಿರುವುದರಿಂದ ಇನ್ನೂ ಒಂದೆರಡು ತಿಂಗಳು ಬೇಡ. ಒಣಮೀನು ಉಪ್ಪಿನ ಕಾರಣಕ್ಕೂ ಗಟ್ಟಿತನದ ಕಾರಣಕ್ಕೂ ಈಗ ಸಲ್ಲದು.

ಕೋಳಿಯನ್ನು ಬಿಟ್ಟೇಬಿಡಬೇಕಾಗಿಲ್ಲ, ಮಾಡುವ ಬಗೆ ಬದಲಾಗಬೇಕು. ನಾಟಿಕೋಳಿ ರುಚಿಯಲ್ಲಿ ಮೇಲಾದರೂ ಅದರ ಮಾಂಸ ಬಿಗಿ. ಸದ್ಯಕ್ಕೆ ಫಾರಂ ಕೋಳಿಯ ತೊಡೆಮಾಂಸ ನಿಮಗೆ ಒಳ್ಳೆಯದು, ಎದೆಮಾಂಸ ಬೇಗ ಒಣಗುತ್ತದೆ. ಅಂಗಡಿಯಲ್ಲಿಯೇ ಕೈಮಾ ಮಾಡಿಸಿ, ಕುಕ್ಕರಿನಲ್ಲಿ ನೀರು ಧಾರಾಳವಾಗಿ ಹಾಕಿ ಬೇಯಿಸಿ, ರಸದ ಸಮೇತ ಬಟ್ಟಲಿಗೆ ಹಾಕಿಕೊಳ್ಳಿ. ಮನೆಯವರ ಕೋಳಿಕರಿಯಿಂದಲೇ ಒಂದು ಪಾಲು ತೆಗೆದು, ತೆಂಗಿನಕಾಯಿ ಅರೆದು ಹಾಕುವ ಮೊದಲೇ ಬೇರೆ ಮಾಡಿಕೊಂಡರೆ ಪ್ರತ್ಯೇಕ ಅಡುಗೆಯ ತಾಪತ್ರಯವೂ ಇರುವುದಿಲ್ಲ, ಜಿಡ್ಡೂ ಕಡಿಮೆ. ನಿನ್ನೆಯ ಕೋಳಿಯನ್ನು ಇಂದು ಮತ್ತೆ ಬಿಸಿ ಮಾಡಿದಾಗ ಅದು ಇನ್ನಷ್ಟು ಒಣಗುತ್ತದೆ. ನನ್ನ ಬಳಿ ಬರುವವರಲ್ಲಿ ಮಾಂಸ ನಿಂತಿತು ಎನ್ನುವವರನ್ನು ಕೇಳಿದರೆ ಎಷ್ಟೋ ಸಲ ಅದು ರಾತ್ರಿ ಉಳಿದದ್ದೇ ಆಗಿರುತ್ತದೆ.

ಇವುಗಳಲ್ಲಿ ಯಾವುದನ್ನು ತಿಂದರೂ ತಿನ್ನುವ ರೀತಿ ಒಂದೇ. ಬಟ್ಟಲಿನಲ್ಲಿ ಪ್ರೋಟೀನ್ ಇರುವುದನ್ನು ಮೊದಲು ತಿನ್ನಿ, ಜಾಗ ಉಳಿದರೆ ತರಕಾರಿ, ಆಮೇಲೂ ಉಳಿದರೆ ಮಾತ್ರ ಅನ್ನ ಅಥವಾ ಪುಟ್ಟು. ಚಹಾ ಚಮಚದಲ್ಲಿ ತಿನ್ನಿ. ಪ್ರತಿ ತುತ್ತನ್ನೂ ಇಪ್ಪತ್ತು ಇಪ್ಪತ್ತೈದು ಸಲ ಅಗಿದು, ಬಾಯಲ್ಲಿ ನಯವಾದ ಮೇಲೆ ನುಂಗಿ, ಚಮಚ ಕೆಳಗಿಟ್ಟು, ಅರ್ಧ ನಿಮಿಷ ಬಿಟ್ಟು ಮುಂದಿನ ತುತ್ತಿಗೆ ಹೋಗಿ. ಊಟದ ಜೊತೆಗೆ ನೀರು ಬೇಡ. ಊಟವಾಗಿ ಅರ್ಧ ಗಂಟೆಯ ನಂತರ ಗುಟುಕು ಗುಟುಕಾಗಿ ಕುಡಿಯಿರಿ, ದಿನಕ್ಕೆ ಒಟ್ಟು ಒಂದೂವರೆ ಲೀಟರಿಗೆ ಕಡಿಮೆಯಾಗದಿರಲಿ. ಎದೆಯ ನಡುವೆ ಸ್ವಲ್ಪ ಒತ್ತಿದಂತಾದರೆ, ಮೂಗು ಸೋರಿದರೆ ಅಥವಾ ಬಿಕ್ಕಳಿಕೆ ಬಂದರೆ ಅಲ್ಲಿಗೆ ನಿಲ್ಲಿಸಿ, ಬಟ್ಟಲಿನಲ್ಲಿ ಎರಡೇ ಚಮಚ ಉಳಿದಿದ್ದರೂ ಸರಿ. ತಟ್ಟೆಯಲ್ಲಿ ಬಿಡಬಾರದು ಎಂದು ಬೆಳೆದವರಿಗೆ ಇದು ಕಷ್ಟ ಎಂದು ಬಲ್ಲೆ.

ಹಾಲಿನ ಪದಾರ್ಥಗಳಲ್ಲಿ ಗಟ್ಟಿ ಮೊಸರು ನಿಮಗೆ ಬಹಳ ಉಪಯೋಗಕ್ಕೆ ಬರುತ್ತದೆ. ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ ಎರಡು ಮೂರು ಗಂಟೆ ನೇತುಹಾಕಿದರೆ ನೀರು ಇಳಿದು ಗಾತ್ರ ಅರ್ಧವಾಗುತ್ತದೆ, ಚಮಚವೊಂದರ ಪ್ರೋಟೀನ್ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. ಜಾಗವೇ ಇಲ್ಲದ ಹೊಟ್ಟೆಗೆ ಇದು ದೊಡ್ಡ ಅನುಕೂಲ. ಮಜ್ಜಿಗೆ ಇದಕ್ಕೆ ತದ್ವಿರುದ್ಧ, ಅದು ನೀರಿನ ಲೆಕ್ಕಕ್ಕೆ ಮಾತ್ರ. ಪನೀರ್ 50 ಗ್ರಾಮಿಗೆ 9 ಗ್ರಾಂ ಕೊಡುತ್ತದೆ, ಆದರೆ ಅಂಗಡಿಯ ಗಟ್ಟಿ ಪನೀರನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಪುಡಿ ಮಾಡಿ ಬಳಸಿ. ಶಸ್ತ್ರಚಿಕಿತ್ಸೆಯ ನಂತರ ಕೆಲವರಿಗೆ ಹಾಲು ಒಗ್ಗದೆ ಹೊಟ್ಟೆ ಉಬ್ಬರ, ಭೇದಿ ಆಗುತ್ತದೆ. ಅಂಥವರಿಗೂ ಮೊಸರು ಮತ್ತು ಪನೀರ್ ಸಾಮಾನ್ಯವಾಗಿ ಆಗುತ್ತದೆ. ನಿಮಗೆ ಹಾಲು ಆಗುತ್ತಿರುವುದರಿಂದ 150 ಮಿಲಿ ಹಾಲಿಗೆ ಎರಡು ದೊಡ್ಡ ಚಮಚ ಕೆನೆ ತೆಗೆದ ಹಾಲಿನ ಪುಡಿ ಸೇರಿಸಿದರೆ 10 ಗ್ರಾಂ ಆಗುತ್ತದೆ. ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋಗುವ ತೋಟದ ಮನೆಗಳಲ್ಲಿ ಫ್ರಿಜ್ಜಿನ ಪನೀರನ್ನೂ ಮೀನನ್ನೂ ನಂಬುವುದಕ್ಕಿಂತ ಈ ಹಾಲಿನ ಪುಡಿಯ ಡಬ್ಬಿ ಮೇಲು. ಇದನ್ನು ಓದುವ ಸಸ್ಯಾಹಾರಿಗಳು ಮೊಸರು, ಪನೀರ್, ಹಾಲಿನ ಪುಡಿಯ ಜೊತೆಗೆ ಹೆಸರುಬೇಳೆಯನ್ನು ಗಟ್ಟಿಯಾಗಿ ಬೇಯಿಸಿ ತಿನ್ನಬೇಕು. 30 ಗ್ರಾಂ ಹಸಿಬೇಳೆ ಪೂರ್ತಿ ಹೊಟ್ಟೆಗೆ ಹೋದರೆ 7 ಗ್ರಾಂ ಸಿಗುತ್ತದೆ. ಬರೀ ಬೇಳೆಯಿಂದ 60 ಗ್ರಾಂ ತಲುಪುವಷ್ಟು ಜಾಗ ಯಾರ ಸ್ಲೀವಿನಲ್ಲೂ ಇರುವುದಿಲ್ಲ.

ಪ್ರೋಟೀನ್ ಪುಡಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಮೊದಲ ಆರು ತಿಂಗಳು ಅದಿಲ್ಲದೆ ಲೆಕ್ಕ ತುಂಬುವುದು ಬಹಳ ಜನರಿಗೆ ಆಗದ ಮಾತು. ಮೂತ್ರಪಿಂಡ ಆರೋಗ್ಯವಾಗಿರುವವರಿಗೆ ದಿನಕ್ಕೆ 60–70 ಗ್ರಾಂ ಪ್ರೋಟೀನ್ ಅತಿಯೇನಲ್ಲ, ಅದು ಪುಡಿಯಿಂದ ಬಂದರೂ ಮೀನಿನಿಂದ ಬಂದರೂ ಮೂತ್ರಪಿಂಡಕ್ಕೆ ವ್ಯತ್ಯಾಸವಿಲ್ಲ. ಈಗಾಗಲೇ ಮೂತ್ರಪಿಂಡದ ಕಾಯಿಲೆ ಇರುವವರ ಮಾತು ಬೇರೆ; ಅವರು ತಮ್ಮ ವೈದ್ಯರು ಹೇಳಿದ ಮಿತಿಯಲ್ಲೇ ಇರಬೇಕು. ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ನಿಮ್ಮ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿ ಶಸ್ತ್ರಚಿಕಿತ್ಸೆಯ ಮೊದಲಿನ ಕಡತದಲ್ಲಿ ಇದ್ದೇ ಇರುತ್ತದೆ, ಅದನ್ನು ಅತ್ತೆಯವರಿಗೂ ತೋರಿಸಿ. ಇನ್ನು ಓಕರಿಕೆ. ಶಸ್ತ್ರಚಿಕಿತ್ಸೆಯ ನಂತರ ವಾಸನೆ ಮತ್ತು ಸಿಹಿ ಎರಡೂ ಮೊದಲಿಗಿಂತ ತೀವ್ರವಾಗಿ ತಟ್ಟುತ್ತವೆ ಎಂದು ಅನೇಕರು ಹೇಳುತ್ತಾರೆ. ವೆನಿಲಾ ಡಬ್ಬಿಯನ್ನು ಬದಿಗಿಟ್ಟು, ಪರಿಮಳವೂ ಸಿಹಿಯೂ ಇಲ್ಲದ ವೇ ಐಸೊಲೇಟ್ (ಹಾಲು ಒಡೆದಾಗ ಉಳಿಯುವ ತಿಳಿನೀರಿನಿಂದ ತೆಗೆದ ಪ್ರೋಟೀನ್) ಪುಡಿ ತರಿಸಿ. ಅದನ್ನು ಕುದಿಯುವ ಸಾರಿಗೆ ಹಾಕಿದರೆ ಗಂಟುಗಂಟಾಗುತ್ತದೆ. ಎರಡು ಚಮಚ ತಣ್ಣೀರಿನಲ್ಲಿ ಮೊದಲು ಕಲಸಿಕೊಂಡು, ಬೆರಳು ಅದ್ದಿ ತಡೆಯುವಷ್ಟು ಆರಿದ ಸಾರಿಗೋ ಮೊಸರಿಗೋ ಬೆರೆಸಿ. ಡಬ್ಬಿಯ ಜೊತೆ ಬರುವ ಅಳತೆಚಮಚದ ಅರ್ಧದಲ್ಲಿ 10 ಗ್ರಾಮಿಗಿಂತ ಸ್ವಲ್ಪ ಹೆಚ್ಚು ಸಿಗುತ್ತದೆ. ಕೊಳ್ಳುವಾಗ ಡಬ್ಬಿಯ ಹಿಂದಿನ ಪಟ್ಟಿ ಓದಿ. ವ್ಯಾಯಾಮಶಾಲೆಯವರಿಗೆ ತೂಕ ಹೆಚ್ಚಿಸಲೆಂದು ಮಾರುವ ಪುಡಿಗಳಲ್ಲಿ ಬಹುಪಾಲು ಪಿಷ್ಟ ಮತ್ತು ಸಕ್ಕರೆ. ಮಕ್ಕಳ ಮಾಲ್ಟ್ ಪುಡಿಗಳೂ ಅದೇ ಜಾತಿ. ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇಲ್ಲದ, ಬಿಡಿಯಾಗಿ ತೂಗಿ ಕೊಡುವ ಪುಡಿಯನ್ನು ಕೊಳ್ಳಲೇಬೇಡಿ.

ಇದನ್ನೆಲ್ಲ ನಿಮ್ಮ ಒಂದು ದಿನಕ್ಕೆ ಹೊಂದಿಸಿದರೆ ಬೆಳಿಗ್ಗೆ ಹಬೆಯಲ್ಲಿಟ್ಟ ಮೊಟ್ಟೆಯಿಂದ 8 ಗ್ರಾಂ ಪ್ರೋಟೀನ್, ಹತ್ತೂವರೆಗೆ ಅರ್ಧ ಅಳತೆ ಪುಡಿ ಬೆರೆಸಿದ ನಾಲ್ಕು ದೊಡ್ಡ ಚಮಚ ಗಟ್ಟಿ ಮೊಸರು 13, ಮಧ್ಯಾಹ್ನ ರಸದ ಸಮೇತ 40 ಗ್ರಾಂ ಕೋಳಿ ಕೈಮಾ 10, ನಾಲ್ಕು ಗಂಟೆಗೆ ಹಾಲಿನ ಪುಡಿ ಸೇರಿಸಿದ ಹಾಲು 10, ರಾತ್ರಿ 50 ಗ್ರಾಂ ಮೀನು 10, ಮಲಗುವ ಎರಡು ಗಂಟೆ ಮೊದಲು ಆರಿದ ತಿಳಿಸಾರಿಗೆ ಇನ್ನರ್ಧ ಅಳತೆ ಪುಡಿ 10, ಒಟ್ಟು 61. ನಾಳೆಯೇ ಇಷ್ಟಕ್ಕೆ ಹಾರಬೇಡಿ. ಮೊದಲ ವಾರ ಮೊಟ್ಟೆ, ಮೊಸರು, ಹಾಲು, ಪುಡಿಯಿಂದ 40 ಗ್ರಾಂ ಮುಟ್ಟಿ, ಎರಡನೆಯ ವಾರ ಮೀನು, ಆಮೇಲೆ ಕೋಳಿ. ಒಂದು ದಿನಕ್ಕೆ ಒಂದೇ ಹೊಸ ಪದಾರ್ಥ, ಅದೂ ಹಗಲಿನಲ್ಲಿ.

ಪುತ್ತರಿಯ ಪಂದಿಕರಿ. ನೀವು ಅಂದುಕೊಂಡಷ್ಟು ಕಠಿಣ ಉತ್ತರ ನನ್ನದಲ್ಲ. ನಿಧಾನವಾಗಿ ಬಹಳ ಹೊತ್ತು ಬೆಂದ ಹಂದಿಮಾಂಸದ ಕೆಂಪುಭಾಗ ಒಣಕೋಳಿಗಿಂತ ಮೆತ್ತಗಿರುತ್ತದೆ. ತೊಡಕು ಇರುವುದು ಅದರ ಜೊತೆಗಿನ ದಪ್ಪ ಕೊಬ್ಬು ಮತ್ತು ಚರ್ಮದಲ್ಲಿ, ಅವು ಹೊಟ್ಟೆ ತೊಳಸಿ ಓಕರಿಕೆ ತರುತ್ತವೆ. ಮತ್ತು ಹುಳಿಗೆ ಹಾಕುವ ಕಾಚಂಪುಳಿ ಹಾಗೂ ಮೆಣಸಿನಲ್ಲಿ, ಏಕೆಂದರೆ ಸ್ಲೀವ್ ಆದವರಲ್ಲಿ ಹುಳಿತೇಗು, ಎದೆಯುರಿ ಮೊದಲೇ ಹೆಚ್ಚು. ಮೀನು ಮತ್ತು ಕೋಳಿ ಅಷ್ಟರೊಳಗೆ ತೊಂದರೆಯಿಲ್ಲದೆ ಇಳಿದಿದ್ದರೆ, ಕೊಬ್ಬಿಲ್ಲದ ಎರಡು ತುಂಡುಗಳನ್ನು ಆರಿಸಿ, ಉಗುರಿನಗಲ ಕತ್ತರಿಸಿ, ಕಡಂಬುಟ್ಟಿಗಿಂತ ಮೊದಲು ತಿನ್ನಿ. ಎದೆಯುರಿ ಕಾಡುತ್ತಿದ್ದರೆ ಈ ವರ್ಷ ಬಿಡುವುದೇ ಸರಿ. ಒಲೆಯ ಮೇಲೆ ಒಣಗಿಸಿದ ಮಾಂಸ ಮತ್ತು ಬೈಂಬಳೆ (ಕಣಿಲೆ, ಎಳೆ ಬಿದಿರು) ಎರಡೂ ನಾರಿನವು, ಬೇಡ. ತಂಬಿಟ್ಟು ಅಂಟು ಮತ್ತು ಸಿಹಿ, ಪ್ರಸಾದದಷ್ಟು ಸಾಕು. ಪಾಯಸದ ಸಕ್ಕರೆ ಕೆಲವರಿಗೆ ಎದೆಬಡಿತ, ಬೆವರು, ಭೇದಿಯನ್ನು ತರುತ್ತದೆ. ತೂಕ ಇಳಿಸುವ ಗ್ಯಾಸ್ಟ್ರಿಕ್ ಬೈಪಾಸ್ ಶಸ್ತ್ರಚಿಕಿತ್ಸೆಯಾದವರಲ್ಲಿ ಇದು ಇನ್ನೂ ಹೆಚ್ಚು. ಮನೆಯಲ್ಲಿ ಮಾಡಿದ ವೈನ್ ಔಷಧಿಯಿದ್ದಂತೆ ಎಂದು ಯಾರಾದರೂ ಕೊಟ್ಟರೆ ಬೇಡವೆನ್ನಿ. ಸಣ್ಣದಾದ ಜಠರದಿಂದ ಮದ್ಯ ಬೇಗನೆ ರಕ್ತಕ್ಕೆ ಸೇರುತ್ತದೆ, ಮೊದಲು ಏನೂ ಆಗದಿದ್ದ ಪ್ರಮಾಣಕ್ಕೆ ಈಗ ತಲೆ ತಿರುಗುತ್ತದೆ.

ಕೂದಲಿನ ಬಗ್ಗೆ ಗಾಬರಿಯಾಗಬೇಡಿ. ದೊಡ್ಡ ಶಸ್ತ್ರಚಿಕಿತ್ಸೆ ಮತ್ತು ವೇಗವಾಗಿ ಇಳಿಯುವ ತೂಕ ಎರಡೂ ಸೇರಿ, ಬಹಳಷ್ಟು ಕೂದಲು ಒಟ್ಟಿಗೇ ಬೆಳೆಯುವುದನ್ನು ನಿಲ್ಲಿಸಿ, ಸುಮಾರು ಮೂರನೆಯ ತಿಂಗಳಿನಿಂದ ಉದುರತೊಡಗುತ್ತವೆ. ಬೇರು ಸಾಯುವುದಿಲ್ಲ, ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮತ್ತೆ ಹುಟ್ಟುತ್ತವೆ. ಆದರೆ ಪ್ರೋಟೀನ್, ಕಬ್ಬಿಣ, ಸತು ಕಡಿಮೆಯಾದರೆ ಉದುರುವುದು ಹೆಚ್ಚುತ್ತದೆ, ಹೆಚ್ಚು ಕಾಲ ಎಳೆಯುತ್ತದೆ. ಬಯೋಟಿನ್ ಮಾತ್ರೆಗೆ ಹಣ ಸುರಿಯುವ ಬದಲು ಬರೆದುಕೊಟ್ಟ ಮಾತ್ರೆಗಳನ್ನು ಸರಿಯಾದ ಹೊತ್ತಿಗೆ ನುಂಗಿ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ಎರಡು ಗಂಟೆಯ ಅಂತರವಿರಲಿ, ಮತ್ತು ಕಬ್ಬಿಣದ ಮಾತ್ರೆಯ ಹಿಂದುಮುಂದಿನ ಒಂದು ಗಂಟೆ ಕಾಫಿ ಬೇಡ, ಕಾಫಿ ಕಬ್ಬಿಣವನ್ನು ಹೀರದಂತೆ ತಡೆಯುತ್ತದೆ. ಕೊಡಗಿನವರಿಗೆ ಕಾಫಿ ಬಿಡಿ ಎನ್ನುವ ಧೈರ್ಯ ನನಗಿಲ್ಲ. ಎರಡು ಲೋಟವನ್ನು ಎರಡು ಸಣ್ಣ ಕಪ್ಪಿಗೆ ಇಳಿಸಿ, ಬರಿಹೊಟ್ಟೆಯಲ್ಲಿ ಕುಡಿಯಬೇಡಿ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳೂ ಇವೆ. ಒಂದು ದಿನ ಪೂರ್ತಿ ನೀರೂ ನಿಲ್ಲದಿದ್ದರೆ, ಹೊಟ್ಟೆನೋವಿನ ಜೊತೆಗೆ ಜ್ವರ ಅಥವಾ ಎದೆಬಡಿತ ಏರಿದರೆ, ಮಲ ಕಪ್ಪಾದರೆ ಅಂದೇ ಹೊರಡಿ. ಪದೇ ಪದೇ ವಾಂತಿಯಾಗುತ್ತಿರುವವರಿಗೆ ನಡೆಯುವಾಗ ಓಲಾಡಿದಂತಾಗುವುದು, ಕಣ್ಣಿಗೆ ಎರಡೆರಡು ಕಾಣುವುದು, ಮಂಕು ಕವಿಯುವುದು ಶುರುವಾದರೆ ಅದು ಥಯಾಮಿನ್, ಅಂದರೆ ಬಿ1 ವಿಟಮಿನ್ ತೀರಾ ಕಡಿಮೆಯಾದ ಲಕ್ಷಣ. ತಡವಾದರೆ ಮಿದುಳಿಗೆ ಶಾಶ್ವತ ಹಾನಿಯಾಗುತ್ತದೆ. ಅಂಥ ಹೊತ್ತಿನಲ್ಲಿ ಮೈಸೂರಿನವರೆಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ, ಸ್ಲೀವ್ ಆಗಿದೆ ಎಂದು ಮೊದಲೇ ಹೇಳಿ, ಗ್ಲೂಕೋಸ್ ಬಾಟಲಿ ಏರಿಸುವ ಮುನ್ನ ಥಯಾಮಿನ್ ಕೊಡುವಂತೆ ಕೇಳಿ. ಅಂಥದ್ದೇನೂ ಇಲ್ಲದಿದ್ದರೆ ಮೂರನೆಯ ತಿಂಗಳ ತಪಾಸಣೆಗೆ ಇನ್ನು ಎರಡು ಮೂರು ವಾರವಷ್ಟೇ ಇದೆ. ಆ ದಿನ ಹಿಮೋಗ್ಲೋಬಿನ್, ಫೆರಿಟಿನ್, ಬಿ12, ವಿಟಮಿನ್ ಡಿ, ಅಲ್ಬುಮಿನ್ ಮತ್ತು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಳ್ಳಿ, ಹೋಗುವಾಗ ಹಿಂದಿನ ಒಂದು ವಾರದಲ್ಲಿ ತಿಂದದ್ದನ್ನು ಹೊತ್ತು ಮತ್ತು ಅಳತೆ ಸಮೇತ ಬರೆದುಕೊಂಡು ಹೋಗಿ.